ಮನೆಯಂಗಳಕ್ಕೊಂದು ಕಕ್ಕೆಮರ

ಮನೆಯ ಮುಂದೆ ಒಂದು ಹೂಮರವಿರಬೇಕೆಂಬ ಆಸೆ ಸಹಜವಾದುದು. ಆದರೆ ಹೂವಿನ ಗಿಡಕ್ಕೂ ಹೂವಿನ ಮರಕ್ಕೂ ಒಂದು ಮುಖ್ಯವಾದ ಅಂತರವುಂಟು. ಗಿಡವನ್ನು ಬೇಡವೆನಿಸಿದಾಗ ಕಿತ್ತುಹಾಕಬಹುದು. ಮರವಾದರೋ ನೆಟ್ಟವರ ಮಕ್ಕಳ ಕಾಲಕ್ಕೂ ಉಳಿಯತಕ್ಕದ್ದು. ಆದುದರಿಂದ ಮರವನ್ನು ಆರಿಸುವಾಗ ಕಣ್ಣಿನ ಮಾತನ್ನಷ್ಟೇ ಅಲ್ಲ, ನೆಲದ ಮಾತನ್ನೂ ಕೇಳಬೇಕು.

ಇಂದು ಅನೇಕರು ಮೊದಲು ನೆನೆಯುವುದು ಗುಲ್‌ಮೊಹರನ್ನು. ಮಡಗಾಸ್ಕರ್ ದ್ವೀಪದಿಂದ ಬಂದ ಈ ಮರ ಬೇಸಗೆಯಲ್ಲಿ ಕೆಂಪು ಕೊಡೆ ಬಿಚ್ಚಿದಂತೆ ಶೋಭಿಸುತ್ತದೆ. ಆದರೆ ಅದರ ಬೇರು ನೆಲದ ಮೇಲ್ಪದರದಲ್ಲಿಯೇ ಹರಡಿ ಕಟ್ಟೆ, ಹಾಸುಗಲ್ಲುಗಳನ್ನು ಎಬ್ಬಿಸುತ್ತದೆ. ಕೊಂಬೆಗಳು ಪೆಡಸು, ಮುಂಗಾರು ಪೂರ್ವದ ಬಿರುಗಾಳಿಗೆ ಮುರಿದು ಬೀಳುತ್ತವೆ. ವಿಶಾಲವಾದ ಉದ್ಯಾನಕ್ಕೆ ಅದು ಭೂಷಣ. ಇಕ್ಕಟ್ಟಾದ ಅಂಗಳಕ್ಕೆ ಅಪಾಯ.

ಹಾಗೆಂದು ಹೊರನಾಡಿನ ಮರಗಳೆಲ್ಲ ತ್ಯಾಜ್ಯವೆಂದು ನಾನು ಹೇಳಲಾರೆ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಹೂವು ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಿದರು. ಅವುಗಳಲ್ಲಿ ದೇಶಿ ಮರಗಳೂ ಇದ್ದವು, ವಿದೇಶಿ ಮರಗಳೂ ಇದ್ದವು. ಅವರು ನೋಡಿದ್ದು ಮರದ ಕುಲವನ್ನಲ್ಲ, ಸ್ಥಳಕ್ಕೆ ಅದು ಹೊಂದುವುದೇ ಎಂಬುದನ್ನು. ನಾವೂ ಅದೇ ಅಳತೆಗೋಲನ್ನು ಹಿಡಿಯೋಣ.

ಆ ಅಳತೆಗೋಲಿನಿಂದ ನೋಡಿದರೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂತಹ ಬಯಲುನಾಡಿನ ಊರಿಗೆ ಕಕ್ಕೆಮರವೇ ಮೇಲೆಂದು ನನ್ನ ಅಭಿಪ್ರಾಯ. ಇದು ನಮ್ಮ ದೇಶದ್ದೇ ಮರ; ಬೇರೂರಿದ ಬಳಿಕ ಬರವನ್ನು ತಾಳಬಲ್ಲುದು. ಬೇಸಗೆಯಲ್ಲಿ ಎಲೆಯುದುರಿಸಿ, ಮೈತುಂಬ ಹೊನ್ನಿನ ಗೊಂಚಲುಗಳನ್ನು ಇಳಿಬಿಡುತ್ತದೆ. ಹೂವಿಗೆ ದುಂಬಿಗಳು ಬರುತ್ತವೆ. ಎಲೆಯನ್ನು ತಿಂದು ಚಿಟ್ಟೆಯ ಮರಿಗಳು ಬೆಳೆಯುತ್ತವೆ. ಆರಗ್ವಧವೆಂಬ ಹೆಸರಿನಿಂದ ಆಯುರ್ವೇದವೂ ಇದನ್ನು ಬಲ್ಲುದು. ಆದರೆ ಕಾಯಿಯ ತಿರುಳು ಭೇದಿಯನ್ನುಂಟುಮಾಡುವುದರಿಂದ, ವೈದ್ಯರ ಸಲಹೆಯಿಲ್ಲದೆ ಅದನ್ನು ಯಾರೂ ಬಾಯಿಗಿಡಬಾರದು.

ಕಕ್ಕೆಗೂ ಒಂದು ಕೊರತೆಯುಂಟು. ಬಿಸಿಲು ಉರಿಯುವ ದಿನಗಳಲ್ಲಿಯೇ ಅದು ಬರಿದಾಗಿ ನಿಲ್ಲುವುದರಿಂದ ದಟ್ಟ ನೆರಳು ದೊರೆಯದು. ನೆರಳೇ ಮುಖ್ಯವೆನ್ನುವವರು ಬೇವನ್ನೋ ಹೊಂಗೆಯನ್ನೋ ನೆಡುವುದು ಲೇಸು. ಸ್ಥಳವಿದ್ದರೆ ಪಡುವಣಕ್ಕೆ ಬೇವು, ಮೂಡಣಕ್ಕೆ ಕಕ್ಕೆ ಇರಲಿ. ಒಂದು ಮನೆಯನ್ನು ತಂಪಾಗಿಡುತ್ತದೆ, ಇನ್ನೊಂದು ಮನಸ್ಸನ್ನು.

ಬೆಳೆಸುವುದು ಕಷ್ಟವಲ್ಲ. ಬೀಜದ ಸಿಪ್ಪೆ ಬಲು ಗಟ್ಟಿಯಾದುದರಿಂದ ಅದನ್ನು ಒರಟು ಕಲ್ಲಿಗೆ ತುಸು ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಿ ಬಿತ್ತಬೇಕು. ಮಳೆಗಾಲದ ಆರಂಭದಲ್ಲಿ, ಗೋಡೆಯಿಂದ ಸುಮಾರು 15 ಅಡಿ ದೂರದಲ್ಲಿ ಸಸಿಯನ್ನು ನೆಡಬೇಕು. ನೀರು ನಿಲ್ಲುವ ಎರೆನೆಲವಾದರೆ ಗುಂಡಿಗೆ ಮರಳು, ಗೊಬ್ಬರ ಬೆರೆಸಿ ಬುಡವನ್ನು ಏರಿಸಬೇಕು. ಮೊದಲ ಎರಡು ಬೇಸಗೆ ನೀರುಣಿಸಿ, ಆಡುಕುರಿಗಳಿಂದ ಕಾಪಾಡಿದರೆ ಮುಂದೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಹೂಬಿಡಲು ಹಲವು ವರ್ಷ ಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಇಂದು ಬಿತ್ತಿದ ಬೀಜ ಅವನು ಶಾಲೆ ಬಿಟ್ಟ ಮೇಲೆಯೇ ಅರಳೀತು. ಅದರಿಂದ ನಷ್ಟವೇನೂ ಇಲ್ಲ. ಇಂದು ನಾವು ನಿಲ್ಲುವ ನೆರಳೆಲ್ಲವೂ ಫಲಕ್ಕೆ ಅವಸರಪಡದೆ ನೆಟ್ಟವರ ಕೊಡುಗೆಯೇ ಅಲ್ಲವೆ?