ಲೇಸರ್ ಎಚ್ಚರಿಕೆ ಕನ್ನಡದಲ್ಲೂ ಇರಲಿ

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ತು. ಈಗ ಅದರ ಹೆಸರು ಭಾರತ್‌ನೆಟ್. ಯಳಂದೂರು ತಾಲ್ಲೂಕಿನ ಪಂಚಾಯಿತಿಗಳೂ ಆ ಲೆಕ್ಕದಲ್ಲಿವೆ. ಫೈಬರ್ ಬಂದ ಕಡೆ ಎಸ್‌ಎಫ್‌ಪಿ ಮಾಡ್ಯೂಲೂ ಬರುತ್ತೆ: ವಿದ್ಯುತ್ ಸಿಗ್ನಲನ್ನು ಬೆಳಕಾಗಿಸೋ ಪುಟ್ಟ ಡಬ್ಬಿ. ಲ್ಯಾಬಿನ ಸ್ಟೋರೇಜ್ ಬಾಕ್ಸಿಗೆ ನಾವು ಹಾಕೋದೂ ಅದೇ ಜಾತಿಯದ್ದು.

ಸ್ಟೋರೇಜ್ ಬಾಕ್ಸಲ್ಲಿ ಹೆಚ್ಚಾಗಿ 850 ನ್ಯಾನೋಮೀಟರ್ ಬೆಳಕು, ದೂರದ ಲೈನಲ್ಲಿ 1310. ಎರಡೂ ಇನ್‌ಫ್ರಾರೆಡ್, ಕಣ್ಣಿಗೆ ಕಾಣಲ್ಲ. 'ಲೈಟ್ ಬರ್ತಿದ್ಯಾ' ಅಂತ ಪೋರ್ಟಿನೊಳಗೆ ಇಣುಕಿದರೆ ಉತ್ತರವೂ ಸಿಗಲ್ಲ, ಕಣ್ಣಿಗೂ ಅಪಾಯ. ಅದನ್ನು ನೋಡೋಕೆ ಪವರ್ ಮೀಟರ್ ಇದೆ. ಮಾಡ್ಯೂಲ್ ಮುಟ್ಟೋ ಮುಂಚೆ ರಿಸ್ಟ್ ಸ್ಟ್ರಾಪ್ ಕಟ್ಟಿ. ಕೇಬಲ್ ಸಿಕ್ಕಿಸೋ ತನಕ ಡಸ್ಟ್ ಕ್ಯಾಪ್ ತೆಗೀಬೇಡಿ. ಒಳಗೆ ಹೋಗದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ತೆಗೆಯುವಾಗ ಮೊದಲು ಕೇಬಲ್, ಆಮೇಲೆ ಮಾಡ್ಯೂಲ್.

ಇಷ್ಟೇ ನಿಯಮ. ಆದ್ರೆ ಮ್ಯಾನುಯಲ್ ಪೂರ್ತಿ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಹೇಗೋ ಓದ್ಕೋತೀವಿ. ಯಳಂದೂರಲ್ಲಿ ಕನ್ನಡದಲ್ಲೇ ಓದಿ ಈ ಕೆಲಸಕ್ಕೆ ಬರೋರ ಕಣ್ಣೂ ಕಣ್ಣೇ ಅಲ್ವಾ? ಪ್ರತಿ ರ‍್ಯಾಕ್ ಮೇಲೆ ಕನ್ನಡದ ಐದು ಸಾಲು ಅಂಟಿಸೋದನ್ನ ಕಡ್ಡಾಯ ಮಾಡಬೇಕು. ಈ ರಾಜ್ಯೋತ್ಸವಕ್ಕೆ ಬಾವುಟದ ಜೊತೆ ಆ ಚೀಟಿಯನ್ನೂ ನಮ್ಮ ಲ್ಯಾಬಲ್ಲಿ ಅಂಟಿಸೋಣ.