ಮೊದಲು ಇಲ್ಲಿರುವವರಿಗೆ ರೈಲು ಕೊಡಿ

ನಿಲಂಬೂರು–ನಂಜನಗೂಡು ರೈಲು ಮಾರ್ಗದ ಮಾತು ಎದ್ದಾಗಲೆಲ್ಲ ಎರಡು ಬಣಗಳು ಎದುರುಬದುರಾಗುತ್ತವೆ. ಬೆಂಗಳೂರಿನಿಂದ ಕೇರಳ ಹತ್ತಿರವಾಗುತ್ತದೆ ಎನ್ನುವವರು ಒಂದು ಕಡೆ, ಕಾಡು ಸೀಳಬೇಡಿ ಎನ್ನುವವರು ಇನ್ನೊಂದು ಕಡೆ. ನಾನು ಕಾಡಿನ ಕಡೆಯವನೇ. 2009ರಲ್ಲಿ ರಾತ್ರಿ ಸಂಚಾರ ನಿಲ್ಲಿಸಿ ಬಂಡೀಪುರವನ್ನು ಪ್ರಾಣಿಗಳಿಗೆ ಬಿಟ್ಟುಕೊಟ್ಟ ಮೇಲೆ ಅದೇ ಸೀಮೆಗೆ ಹಳಿ ತರುವುದು ತಪ್ಪು. ಆದರೆ ಇಷ್ಟು ವರ್ಷದ ಜಗಳದಲ್ಲಿ ನಂಜನಗೂಡು, ಟಿ. ನರಸೀಪುರದವರ ದಿನನಿತ್ಯದ ಓಡಾಟದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಈಗ ಬ್ರಾಡ್‌ಗೇಜ್ ಹಳಿ ಅಶೋಕಪುರಂ, ಕಡಕೊಳ, ತಾಂಡವಪುರ, ಸುಜಾತಪುರಂ ದಾಟಿ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಸಾಗುತ್ತದೆ. ಆದರೂ ಶಿಫ್ಟ್ ಮುಗಿಸಿದ ಕಾರ್ಮಿಕರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬೈಕ್ ನುಗ್ಗಿಸಬೇಕು, ಇಲ್ಲವೇ ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು. ಒಂದು ಪ್ಯಾಸೆಂಜರ್ ತಪ್ಪಿದರೆ ಮುಂದಿನದಕ್ಕೆ ಯಾರು ಕಾಯುತ್ತಾರೆ? 2031ರ ಮಹಾಯೋಜನೆಯಲ್ಲಿ ಮೈಸೂರು–ನಂಜನಗೂಡು ಒಂದೇ ಯೋಜನಾ ಪ್ರದೇಶ. ಬಡಾವಣೆ ಮಾಡುವಾಗ ಎರಡೂ ಒಂದೇ ಊರು, ರೈಲು ಓಡಿಸುವಾಗ ಬೇರೆ ಬೇರೆ!

ನರಸೀಪುರಕ್ಕೆ ಹಳಿಯೂ ಇಲ್ಲ. ಇರುವುದು ರಾಷ್ಟ್ರೀಯ ಹೆದ್ದಾರಿ 766 ಮಾತ್ರ. 2023ರ ಮೇ 29ರಂದು ಕುರುಬೂರು ಬಳಿ ಬಸ್ಸು–ಕಾರು ಡಿಕ್ಕಿಯಾಗಿ ಹತ್ತು ಜನ ಸತ್ತರು. ರಸ್ತೆ ಅಗಲವಾಗಲಿ, ಬೇಡ ಎನ್ನುವುದಿಲ್ಲ. ಆದರೆ ಅಗಲವಾದ ರಸ್ತೆ ಕಾರಿನವರ ವೇಗ ಹೆಚ್ಚಿಸುತ್ತದೆಯೇ ಹೊರತು ಬಸ್ಸಿಗೆ ಕಾಯುವವರಿಗೆ ಬಸ್ಸು ತರುವುದಿಲ್ಲ. ಸಂಜೆ ಕಾಲೇಜು ಬಿಡುವ ಹೊತ್ತಿಗೆ ನರಸೀಪುರದ ಬಸ್ ನಿಲ್ದಾಣಕ್ಕೆ ಬಂದು ನೋಡಿ. ಬಸ್ಸು ನಿಲ್ಲುವ ಮೊದಲೇ ಹುಡುಗಿಯರು ಕಿಟಕಿಯಿಂದ ಬ್ಯಾಗು ತೂರಿ ಸೀಟು ಹಿಡಿಯುತ್ತಾರೆ; ಹುಡುಗರು ಫುಟ್‌ಬೋರ್ಡಿಗೆ ಜೋತುಬೀಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ಟಿನ ಹೊರೆ ಇಳಿಸಿತು, ಅದು ದೊಡ್ಡ ಕೆಲಸ. ಉಚಿತ ಟಿಕೆಟ್ ಕೊಟ್ಟ ಸರ್ಕಾರ ಕೂರಲು ಜಾಗವನ್ನೂ ಕೊಡಬೇಕು.

ನಾನು ಕೇಳುತ್ತಿರುವುದು ಇಷ್ಟು: ಬೆಳಗಿನ ಶಿಫ್ಟಿನಿಂದ ರಾತ್ರಿ ಶಿಫ್ಟಿನವರೆಗೆ ಮೈಸೂರು–ನಂಜನಗೂಡು ನಡುವೆ ಗಂಟೆಗೊಂದು ಲೋಕಲ್ ರೈಲು; ಆ ರೈಲಿಗೆ ಹೊಂದುವಂತೆ ನರಸೀಪುರದಿಂದ ನಂಜನಗೂಡಿಗೆ ಬಸ್ಸು. ಒಂಟಿ ಹಳಿ ಎಂಬ ನೆಪ ಬೇಡ, ಕಡಕೊಳದಲ್ಲಿ ಎದುರು ರೈಲನ್ನು ದಾಟಿಸಬಹುದು. ಇದಕ್ಕೆ ಒಂದು ಮರ ಕಡಿಯಬೇಕಿಲ್ಲ, ರೈತನ ಒಂದು ಗುಂಟೆ ಕಿತ್ತುಕೊಳ್ಳಬೇಕಿಲ್ಲ. ರೈಲ್ವೆ, ಕೆಎಸ್‌ಆರ್‌ಟಿಸಿ, ಅಭಿವೃದ್ಧಿ ಪ್ರಾಧಿಕಾರದವರು ಒಟ್ಟಿಗೆ ಕೂತು ವೇಳಾಪಟ್ಟಿ ಬರೆಯಬೇಕು. ಜಿಲ್ಲಾ ಉಸ್ತುವಾರಿ ಸಚಿವರು ಆ ಸಭೆಯನ್ನು ಈ ತಿಂಗಳೇ ಕರೆಯಲಿ, ಕಾರ್ಖಾನೆ ಕಾರ್ಮಿಕರನ್ನೂ ಕಾಲೇಜು ಮಕ್ಕಳನ್ನೂ ಅಲ್ಲಿ ಕೂರಿಸಲಿ.