ದಾಂಪತ್ಯವನ್ನು ನಗುವುದು ಪರದೇಶದ ಸರಕೇ?

ನಾಲ್ಕಾರು ಕಿರುಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಇಂದಿನ ಗಂಡುಹೆಣ್ಣುಗಳ ಒಲವು ಮುನಿಸುಗಳನ್ನೂ, ಬೇರೊಂದು ಬಾಳಿಗಾಗಿ ಅವರು ಪಡುವ ಹಂಬಲವನ್ನೂ ನಗೆಯೊಡನೆ ತೋರಿಸುವ ಚಲಚ್ಚಿತ್ರದ ಮಾತೆತ್ತಿದೊಡನೆ ತುಮಕೂರಿನ ಕೆಲವು ಮಹನೀಯರು ಮುಖ ಸಿಂಡರಿಸುತ್ತಾರೆ. ಅದು ಪರದೇಶದ ಸರಕಂತೆ, ಸಂಸಾರವನ್ನು ಒಡೆಯತಕ್ಕದ್ದಂತೆ. ಈ ಎರಡು ಆಕ್ಷೇಪಗಳೂ ನಿಲ್ಲತಕ್ಕವಲ್ಲ.

ಮೊದಲನೆಯದು ಅಲಂಕಾರಶಾಸ್ತ್ರವನ್ನು ತೆರೆದು ನೋಡದವರ ಮಾತು. ದಶರೂಪಕಗಳಲ್ಲಿ ಪ್ರಹಸನಕ್ಕೂ ಭಾಣಕ್ಕೂ ಪೂರ್ವಿಕರು ಸ್ಥಾನವಿತ್ತರು. ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕರ ಹೆಸರಿನಲ್ಲಿರುವ ನಾಲ್ಕು ಭಾಣಗಳು 1922ರಲ್ಲಿ 'ಚತುರ್ಭಾಣೀ' ಎಂದು ಒಟ್ಟಿಗೆ ಅಚ್ಚಾದುವು. ಬೀದಿಯಲ್ಲಿ ನಡೆಯುವ ವಿಟನೊಬ್ಬನು ಮುನಿದ ಪ್ರಣಯಿಗಳನ್ನೂ ಡಾಂಭಿಕರನ್ನೂ ಕಂಡು ನಗುವುದೇ ಅವುಗಳ ವಸ್ತು. ಕನ್ನಡದಲ್ಲಿಯೂ ಪುಟ್ಟಣ್ಣ ಕಣಗಾಲರು 1976ರಲ್ಲಿ ಮೂರು ಕಥೆಗಳನ್ನು 'ಕಥಾಸಂಗಮ'ವೆಂಬ ಒಂದೇ ಚಿತ್ರವಾಗಿಸಿದರು. 2019ರಲ್ಲಿ ಅದೇ ಹೆಸರಿನಿಂದ ಏಳು ನಿರ್ದೇಶಕರ ಏಳು ಕಥೆಗಳು ಬಂದುವು. ಅವು ಪ್ರಹಸನಗಳಲ್ಲವೆಂದರೆ ಒಪ್ಪತಕ್ಕದ್ದೇ. ರೂಪವು ಹೊಸದಲ್ಲವೆಂಬುದಕ್ಕೆ ಮಾತ್ರ ಅವು ಸಾಕ್ಷಿ.

ಇನ್ನು ಸಂಸಾರ ಒಡೆಯುವ ಮಾತು. ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಬರೆದು ಕನ್ಯಾವಿಕ್ರಯವನ್ನು ನಗೆಗೀಡುಮಾಡಿದರು. ಸಂಸಾರವನ್ನು ಕೆಡಿಸಿದುದು ಶಾಸ್ತ್ರಿಗಳ ನಗೆಯೋ, ಹೆಣ್ಣಿಗೆ ಬೆಲೆ ಕಟ್ಟಿದ ತಂದೆಯೋ? 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯು ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯನ್ನು ಊರೂರಲ್ಲಿ ಆಡಿತು. ವೀರಣ್ಣನವರ ಕಳ್ಳನನ್ನು ಜಾಣ್ಮೆಯಿಂದ ಏಮಾರಿಸಿ ಆ ಹೆಣ್ಣು ಗಂಡುವೇಷ ತೊಟ್ಟು ನಡೆದಾಗ ಜನರು ಹೊಟ್ಟೆ ಹಿಡಿದು ನಕ್ಕರು; ಮನೆಗೆ ಹೋಗಿ ಯಾರೂ ತಾಳಿ ಹರಿಯಲಿಲ್ಲ.

ಆದರೆ ಚಿತ್ರ ತೆಗೆಯುವ ತರುಣರನ್ನೂ ಹಾಗೆಯೇ ಬಿಡಲಾಗದು. ಭರತನು ಸ್ಮಿತ ಹಸಿತಗಳನ್ನು ಉತ್ತಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹೇಳಿದನು. ಅತ್ತೆಯ ಕಿವುಡು, ಹೆಂಡತಿಯ ಸೀರೆಯ ಖರ್ಚು, ಇವುಗಳಿಂದ ನಗಿಸುವುದು ಕೊನೆಯ ಬಗೆಯದು. ಬೆಂಗಳೂರಿನ ಕಾಫಿಯಂಗಡಿಯ ಹೊರಗೆ ದಾಂಪತ್ಯವೇ ಇಲ್ಲವೆಂಬ ಭ್ರಮೆಯೂ ಅವರಲ್ಲಿ ಬಲವಾಗಿದೆ. ಗುಬ್ಬಿಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು, ಇರುಳು ಮರಳಿ ಒಲೆಯ ಮುಂದೆ ನಿಲ್ಲುವ ಸೊಸೆಯೂ, ಅವಳು ಬರುವವರೆಗೆ ಹಸಿದು ಕುಳಿತು ಅಡುಗೆಮನೆಯ ಹೊಸ್ತಿಲನ್ನು ಮಾತ್ರ ದಾಟದ ಗಂಡನೂ ಯಾವ ಪ್ರಹಸನಕ್ಕೆ ಕಡಿಮೆ? ಕುಣಿಗಲಿನ ಕಡೆ, ಹೊಲ ತೋಟಗಳಿದ್ದೂ, ಬೇಸಾಯಗಾರನೆಂಬ ಕಾರಣಕ್ಕೆ ಹೆಣ್ಣು ಸಿಕ್ಕದೆ ಮೂವತ್ತೈದು ದಾಟಿದ ವರನಿದ್ದಾನೆ. ನೆರೆಯ ಮಂಡ್ಯ ಸೀಮೆಯ ಅಂಥ ತರುಣರು 2023ರಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಅಂದು ತಂದೆಯು ಹೆಣ್ಣನ್ನು ಮಾರಿದನು. ಇಂದು ವರನು ದೇವರಲ್ಲಿ ಬೇಡುತ್ತಾನೆ. ಹಳ್ಳಿಯ ಮನೆಗೆ ಆಕೆ ಏಕೆ ಬರಲೊಲ್ಲಳೆಂದು ಆಕೆಯನ್ನೇ ಕೇಳಿದವರು ವಿರಳ. ಕೇಳಿದರೆ ಸಿಕ್ಕುವ ಉತ್ತರದಲ್ಲಿ ನಗೆಯೂ ಇದೆ, ನಗುವವರನ್ನು ಚುಚ್ಚುವ ಮುಳ್ಳೂ ಇದೆ.

ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಇಂಥ ನಾಲ್ಕು ಕಥೆಗಳನ್ನು ಈ ಸೀಮೆಯ ತರುಣ ತರುಣಿಯರಿಂದಲೇ ಬರೆಯಿಸಿ, ವರ್ಷಕ್ಕೊಂದು ಸಂಜೆ ಅಲ್ಲಿ ಆಡಿಸುವುದಕ್ಕೋ ತೋರಿಸುವುದಕ್ಕೋ ಜಿಲ್ಲೆಯ ಸಂಘಗಳಿಗೆ ಏನು ಅಡ್ಡಿ? ಮುಖ ಸಿಂಡರಿಸುವ ಮಹನೀಯರಿಗೆ ಮುಂದಿನ ಸಾಲಿನ ಕುರ್ಚಿಗಳನ್ನೇ ಮೀಸಲಿಡಬಹುದು.